ಅಕ್ಕ ಒಬ್ಬಳೇ ಓಡುತ್ತಿದ್ದ ದಾರಿ

ಕಾಲುವೆ ಮತ್ತು ಗ್ರಾಮೀಣ ದಾರಿಗಳ ವಿಭಾಗದ ಮುಖ್ಯ ಅಧಿಕಾರಿಗಳಿಗೆ

ಮಾನ್ಯರೇ,

ನೀವು ನನ್ನ ಬಾಯಿಂದ ಒಂದು ಸುಳ್ಳು ಹೇಳಿಸಿದಿರಿ. ಆ ಸುಳ್ಳನ್ನು ನಂಬಿ ಕಣ್ಣು ಕಾಣದ ನನ್ನ ಅಕ್ಕ ಓಡಿದಳು. ನಿಮ್ಮ ವಿಭಾಗದವರು ಕಾಲುವೆ ದಂಡೆಯ ದಾರಿಯ ನಟ್ಟನಡುವೆ ನೆಟ್ಟುಹೋಗಿದ್ದ ಕಬ್ಬಿಣದ ಕಂಬಕ್ಕೆ ಹೋಗಿ ಬಡಿದಳು. ಮುರಿದ ಕೊರಳೆಲುಬು ಈಗ ಕೂಡಿಕೊಂಡಿದೆ. ಉದುರಿದ ಹಲ್ಲುಗಳ ಜಾಗಕ್ಕೆ ಬೇರೆ ಹಲ್ಲುಗಳು ಬಂದಿವೆ. ಮೊದಲಿನವಕ್ಕಿಂತ ನೆಟ್ಟಗಿವೆ ಎಂದು ನೋಡಿದವರು ಹೇಳುತ್ತಾರೆ. ಕೂಡಿಕೊಳ್ಳದೆ ಉಳಿದದ್ದು ಬೇರೆಯೇ ಇದೆ. ಅದನ್ನು ದುರಸ್ತಿ ಮಾಡುವ ಅಧಿಕಾರ ನಿಮ್ಮೊಬ್ಬರಿಗೇ ಇರುವುದರಿಂದ ನಿಮಗೇ ಬರೆಯುತ್ತಿದ್ದೇನೆ.

ಪತ್ರಿಕೆಯಲ್ಲಿ ಯಾಕೆ ಬರೆದೆ ಎಂದು ನೀವು ಕೇಳಬಹುದು. ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರ ಮೇಜಿನ ಮುಂದೆ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ಕಿವಿಯ ಹಿಂದೆ ಕೈಯಿಟ್ಟು, "ಏನಮ್ಮಾ, ಸ್ವಲ್ಪ ಜೋರಾಗಿ ಹೇಳಿ, ಫ್ಯಾನ್ ಸದ್ದು" ಎಂದರು. ನನ್ನ ಧ್ವನಿ ಹುಟ್ಟಿನಿಂದಲೇ ಹಾಗೆ. ಸಾಹಿತ್ಯದ ಪದವಿಗೆ ಮೌಖಿಕ ಪರೀಕ್ಷೆ ನಡೆದಾಗ ಪರೀಕ್ಷಕರೊಬ್ಬರು ನನ್ನ ಉತ್ತರ ಕೇಳಿಸದೆ ತಮ್ಮ ಕುರ್ಚಿಯನ್ನೇ ಎತ್ತಿ ನನ್ನ ಪಕ್ಕ ಇಟ್ಟುಕೊಂಡಿದ್ದರು. ಅಚ್ಚಾದ ಅಕ್ಷರಕ್ಕೆ ಫ್ಯಾನಿನ ಕಾಟವಿಲ್ಲ. ಅದಕ್ಕೇ ಈ ದಾರಿ ಹಿಡಿದೆ.

ಅಕ್ಕನ ಬಗ್ಗೆ ನಿಮಗೆ ತಿಳಿಸಬೇಕು. ನಿಮ್ಮ ಕಡತದಲ್ಲಿ ಅವಳು 'ಅರ್ಜಿದಾರರು' ಎಂದಷ್ಟೇ ಇದ್ದಾಳೆ. ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹೊದಿಕೆಗಳನ್ನು ಮಡಚುವ ಕೆಲಸದಲ್ಲಿದ್ದಾಳೆ. ಬಿಸಿ ಉರುಳೆಗಳ ನಡುವಿನಿಂದ ಹೊರಬರುವ ಬಿಳಿ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಹಿಡಿದು, ಮೂಲೆಗೆ ಮೂಲೆ ಕೂಡಿಸಿ, ಒಮ್ಮೆ ಒದರಿ, ಮಡಚಿ ಪಕ್ಕಕ್ಕಿಡುವುದು. ಕಣ್ಣು ಸರಿಯಿದ್ದಾಗಲೂ ಅದೇ ಕೆಲಸ, ಹೋದ ಮೇಲೂ ಅದೇ. ಅವಳ ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ. ಎರಡೂ ಬದಿಯಿಂದ ಯಾರೋ ಪರದೆ ಎಳೆಯುತ್ತಿದ್ದಾರೆ ಎನ್ನುತ್ತಿದ್ದಳು. ಕೊನೆಗೆ ಬೀಗದ ತೂತಿನಷ್ಟು ಬೆಳಕು ಉಳಿಯಿತು. ಆಮೇಲೆ ಅದೂ ಹೋಯಿತು. ಆ ದಿನ ಅಮ್ಮ ಅಡುಗೆಮನೆಯಲ್ಲಿ ನಲ್ಲಿ ತೆರೆದಿಟ್ಟು, ಅಳುವುದು ಕೇಳಿಸದಂತೆ ಅಳುತ್ತಿದ್ದರೆ ಅಕ್ಕ ಕೂಗಿ ಹೇಳಿದಳು: "ನಲ್ಲಿ ನಿಲ್ಸಮ್ಮ. ಇನ್ನು ಲೈಟ್ ಆರಿಸ್ಲಿಲ್ಲ ಅಂತ ನನ್ನ ಬೈಯೋಕಾಗಲ್ಲ, ಅಷ್ಟೇ ತಾನೇ?"

ಅವಳು ಚಿಕ್ಕಂದಿನಿಂದ ಓಟಗಾತಿ. ಬಹುಮಾನ ಗೆದ್ದ ಓಟಗಾತಿಯೇನಲ್ಲ. ನಡೆದು ಹೋಗಬಹುದಾದ ಕಡೆಗೆಲ್ಲ ಓಡಿಕೊಂಡು ಹೋಗುವವಳು. ನನ್ನನ್ನು ಶಾಲೆಗೆ ಕರೆದೊಯ್ಯುವ ಕೆಲಸ ಅವಳದ್ದಾಗಿತ್ತು. ಕೈ ಹಿಡಿದು ಎಳೆದುಕೊಂಡು ಓಡುತ್ತಿದ್ದಳು. ನನ್ನ ಕಾಲು ನೆಲ ಮುಟ್ಟುತ್ತಿತ್ತೋ ಇಲ್ಲವೋ ಎಂಬುದೇ ನನಗೆ ಅನುಮಾನ. ಕಣ್ಣು ಪೂರ್ತಿ ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಹಾಸಿಗೆಯ ಅಂಚಿಗೆ ಬಂದು ಕೂತು, "ಓಡ್ಬೇಕು ಕಣೆ. ಕಾಲು ಕೊಳೀತಾ ಇದೆ" ಎಂದಳು. ಅಮ್ಮ ಬಾಗಿಲಲ್ಲೇ ತಡೆದರು. "ಕಣ್ಣಿದ್ದೋರೇ ಎಡವಿ ಬೀಳ್ತಾರೆ!" "ಅದಕ್ಕೇ ಅಮ್ಮ, ಕಣ್ಣಿದ್ದೋರನ್ನ ನಂಬಬಾರದು" ಎಂದು ಅಕ್ಕ ಚಪ್ಪಲಿ ಬಿಟ್ಟು ಬೂಟು ಹುಡುಕತೊಡಗಿದಳು. ಕಾರ್ಖಾನೆಯಲ್ಲಿ ಹರಿದು ಬಿಸಾಡುವ ಹೊದಿಕೆಗಳ ಅಂಚುಗಳನ್ನು ತಂದು ಜಡೆಯಂತೆ ಹೆಣೆದು ಮೊಳದುದ್ದದ ಹಗ್ಗವೊಂದನ್ನು ಮೊದಲೇ ಮಾಡಿಟ್ಟಿದ್ದಳು. ಒಂದು ತುದಿ ಅವಳ ಕೈಗೆ, ಇನ್ನೊಂದು ನನ್ನ ಕೈಗೆ. "ಈಗ ನೀನು ನನ್ನ ಸ್ಕೂಲಿಗೆ ಕರ್ಕೊಂಡು ಹೋಗು."

ಮಾನ್ಯರೇ, ತಾವು ಗ್ರಾಮೀಣ ದಾರಿಗಳ ಅಧಿಕಾರಿಗಳು. ತಮ್ಮ ಕೋಣೆಯ ಗೋಡೆಯ ತುಂಬ ನಕ್ಷೆಯಿದೆ. ಬಾಗಿಲ ಸಂದಿನಿಂದ ನೋಡಿದ್ದೇನೆ. ಬಣ್ಣಬಣ್ಣದ ಗೆರೆಗಳು. ಆ ಗೆರೆಗಳಲ್ಲಿ ಕಣ್ಣು ಕಾಣದ ಒಬ್ಬಳು, ಅವಳಿಗಿಂತ ಒಂದು ತಲೆ ಕುಳ್ಳಿಯಾದ ತಂಗಿಯ ಜೊತೆ ಓಡಬಹುದಾದದ್ದು ಯಾವುದು ಎಂದು ಕೇಳಿದರೆ ತೋರಿಸಬಲ್ಲಿರಾ? ಓಡುವವರಿಗೆ ಒಳ್ಳೆಯ ದಾರಿ ಹೇಗಿರಬೇಕು ಎಂದು ಪತ್ರಿಕೆಗಳ ಭಾನುವಾರದ ಪುಟದಲ್ಲಿ ಬರೆಯುತ್ತಾರೆ: ಕಣ್ಣಿಗೆ ಹಬ್ಬವಾಗಿರಬೇಕಂತೆ, ಏರಿಳಿತ ಇರಬೇಕಂತೆ, ದಿನಕ್ಕೊಂದು ಹೊಸ ನೋಟ ಇರಬೇಕಂತೆ. ನಾನು ಓದಿ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ನಮಗೆ ಬೇಕಾಗಿದ್ದದ್ದು ದಿನವೂ ಒಂದೇ ತರಹ ಇರುವ ದಾರಿ.

ಊರಾಚೆಯ ದಾರಿಗಳನ್ನು ನಾವು ಒಂದೊಂದಾಗಿ ಓಡಿ ನೋಡಿದೆವು. ಡಾಂಬರು ರಸ್ತೆ ಕಾಲಿಗೆ ಚೆನ್ನಾಗಿತ್ತು, ಆದರೆ ಲಾರಿಯವರು ಕೈಯಲ್ಲಿ ಹಗ್ಗ ಹಿಡಿದ ಇಬ್ಬರು ಹುಡುಗಿಯರನ್ನು ಕಂಡೊಡನೆ ಹಾರನ್ ಬಾರಿಸದೆ ಬಿಡರು. ಒಂದು ಹಾರನ್ನಿಗೆ ಅಕ್ಕನ ಕಿವಿ ತುಂಬಿಹೋಗಿ ಮುಂದಿನ ತಿರುವಿನವರೆಗೆ ಅವಳು ಎರಡನೇ ಸಲ ಕುರುಡಾಗುತ್ತಿದ್ದಳು. ಉತ್ತ ಹೊಲಗಳ ನಡುವಿನ ಬದುವಿನಲ್ಲಿ ಇಬ್ಬರು ಅಕ್ಕಪಕ್ಕ ಹೋಗುವಷ್ಟು ಜಾಗವಿಲ್ಲ. ಕೋಳಿ ಫಾರಂ ಹಿಂದಿನ ದಾರಿ ಅಗಲವಾಗಿತ್ತು. ವಾಸನೆಗೆ ಉಸಿರು ಬಿಗಿಹಿಡಿಯಬೇಕು, ಉಸಿರು ಬಿಗಿಹಿಡಿದು ಓಡುವುದು ಹೇಗೆ? ಸಮಾಧಿಗಳ ಗೋಡೆಯ ಪಕ್ಕದ ದಾರಿ ಅಕ್ಕನಿಗೆ ತುಂಬ ಇಷ್ಟವಾಯಿತು. "ಇಲ್ಲಿ ಯಾರೂ ಎದುರಿಗೆ ಬರಲ್ಲ, ಬಂದ್ರೆ ನಾನೇ ಮೊದ್ಲು ಓಡ್ತೀನಿ" ಎಂದಳು. ಅಲ್ಲಿ ನಾಯಿಗಳಿದ್ದವು.

ಹಣ್ಣಿನ ತೋಟದ ಬೇಲಿಯ ಪಕ್ಕ ಒಂದು ಸೊಗಸಾದ ದಾರಿಯಿತ್ತು. ಅಲ್ಲಿ ನಾನು ಕಲಿತ ಪಾಠ ಯಾವ ತರಗತಿಯಲ್ಲೂ ಕಲಿತದ್ದಲ್ಲ. ಬಾಗಿದ ಕೊಂಬೆಯೊಂದು ನನ್ನ ತಲೆಯ ಮೇಲೆ ಆರಾಮವಾಗಿ ಹಾದುಹೋಯಿತು. ಅಕ್ಕನ ಹಣೆಗೆ ತಗುಲಿತು. ನನ್ನ ಕಣ್ಣಿಗೆ ಅದು ಅಡ್ಡಿಯಾಗಿಯೇ ಕಂಡಿರಲಿಲ್ಲ, ಯಾಕೆಂದರೆ ನನ್ನ ಎತ್ತರಕ್ಕೆ ಅದು ಅಡ್ಡಿಯಾಗಿರಲಿಲ್ಲ. ಅಕ್ಕ ಹಣೆ ಉಜ್ಜಿಕೊಂಡು, "ನೀನು ಇನ್ಮೇಲೆ ನನ್ನ ಎತ್ತರದಲ್ಲಿ ನೋಡ್ಬೇಕು ಪುಟ್ಟಿ" ಎಂದಳು. ಅಂದಿನಿಂದ ನಾನು ಜಗತ್ತನ್ನು ಒಂದು ತಲೆ ಮೇಲಿನಿಂದ ನೋಡಲು ಅಭ್ಯಾಸ ಮಾಡಿಕೊಂಡೆ. ತಾವು ಅಷ್ಟು ಎತ್ತರದ ಹುದ್ದೆಯಲ್ಲಿ ಕೂತವರು. ಕೂತಲ್ಲಿಂದ ಒಮ್ಮೆಯಾದರೂ ಇನ್ನೊಬ್ಬರ ಹಣೆಯ ಎತ್ತರಕ್ಕೆ ಇಳಿದು ನೋಡಿದ್ದೀರಾ?

ಇನ್ನೊಂದು ಸಂಗತಿ. ಹಗ್ಗ ಹಿಡಿದವಳು ಮಾತಾಡಲೇಬೇಕು. ಎಡಕ್ಕೆ ಗುಂಡಿ, ಬಲಕ್ಕೆ ಬಾಗು, ಕಲ್ಲು, ಕಲ್ಲು, ಈಗ ಸಮ, ಎದುರಿಗೆ ಹಸು, ಹಸು ನಿಂತಿದೆ, ನಾವೂ ನಿಲ್ಲೋಣ. ಓಡುತ್ತ, ಏದುಸಿರಿನಲ್ಲಿ, ಬಯಲಿನಲ್ಲಿ, ಜೋರಾಗಿ. ಮನೆಗೆ ನೆಂಟರು ಬಂದರೆ ಹಿಂದಿನ ಕೋಣೆ ಸೇರುತ್ತಿದ್ದ ನಾನು ಗದ್ದೆಗದ್ದೆಗಳಿಗೆ ಕೇಳಿಸುವಂತೆ ಕೂಗುತ್ತಿದ್ದೆ. "ನಿನ್ನ ಬಾಯಲ್ಲಿ ಇಷ್ಟು ಮಾತು ಎಲ್ಲಿತ್ತೇ?" ಎಂದು ಅಕ್ಕ ಕೇಳುತ್ತಿದ್ದಳು. ತರಗತಿಯಲ್ಲಿ ದಾರಿ ಎಂದರೆ ಬದುಕು, ದಾರಿ ಎಂದರೆ ಹುಡುಕಾಟ ಎಂದು ಪುಟಗಟ್ಟಲೆ ಬರೆದು ಅಂಕ ಪಡೆದವಳು ನಾನು. ಅಕ್ಕನ ಪಕ್ಕ ಓಡುವಾಗ ದಾರಿ ಎಂದರೆ ದಾರಿ, ಗುಂಡಿ ಎಂದರೆ ಗುಂಡಿ. ಆ ನಿಖರತೆಯಲ್ಲಿ ನನಗೊಂದು ಧ್ವನಿ ಸಿಕ್ಕಿತು.

ಹುಡುಕಿ ಹುಡುಕಿ ಕೊನೆಗೆ ಕಾಲುವೆ ದಂಡೆ ಸಿಕ್ಕಿತು. ಹಳೇ ಸೇತುವೆಯಿಂದ ತೂಬಿನವರೆಗೆ ಬಾಣ ಬಿಟ್ಟಂತೆ ನೇರವಾಗಿ ಹೋಗುವ ನಿಮ್ಮ ವಿಭಾಗದ ಮಣ್ಣುದಾರಿ. ಎಡಕ್ಕೆ ನೀರು, ಬಲಕ್ಕೆ ಮರಗಳ ಸಾಲು. ನಿಮ್ಮ ಜೀಪುಗಳು ಓಡಾಡಿ ಎರಡು ಗಾಲಿಜಾಡು ಮೂಡಿವೆ, ನಡುವೆ ಹುಲ್ಲಿನ ದಿಣ್ಣೆ. ಮೊದಲ ದಿನವೇ ಅಕ್ಕ ಬಲಗಡೆಯ ಜಾಡಿನಲ್ಲಿ ನಿಂತು ಕಾಲಿನಿಂದ ಆಚೆ ಈಚೆ ತಡವಿದಳು. ಎಡಕ್ಕೆ ಸರಿದರೆ ಹುಲ್ಲು ಮೆತ್ತಗಾಗುತ್ತದೆ. ಬಲಕ್ಕೆ ಸರಿದರೆ ಒಣಗಿದ ಎಲೆ ಚರಚರ ಎನ್ನುತ್ತದೆ. ನಡುವಿನ ಜಾಡು ಗಟ್ಟಿ. ಬೆಳಗಿನ ಬಿಸಿಲು ಮರಗಳ ಸಂದಿನಿಂದ ಕೆನ್ನೆಗೆ ಬೀಳುತ್ತದೆ: ಬೆಚ್ಚಗೆ, ತಣ್ಣಗೆ, ಬೆಚ್ಚಗೆ, ತಣ್ಣಗೆ. ದಾರಿ ಮುಗಿಯುತ್ತ ಬಂದಂತೆ ತೂಬಿನಿಂದ ನೀರು ಧುಮುಕುವ ಸದ್ದು ದೊಡ್ಡದಾಗುತ್ತದೆ. ಅಕ್ಕ ಇನ್ನೊಮ್ಮೆ ಕಾಲಾಡಿಸಿ ನೋಡಿದಳು. ಆಮೇಲೆ, "ಇದು ಮಡಿಚಿಟ್ಟ ಬಟ್ಟೆ ಇದ್ದ ಹಾಗಿದೆ ಕಣೆ. ಎಲ್ಲಾ ಅಂಚೂ ಕೈಗೆ ಸಿಗತ್ತೆ" ಎಂದಳು.

ಕೆಲವು ವಾರ ಹಗ್ಗ ಹಿಡಿದೇ ಓಡಿದೆವು. ಒಂದು ಬೆಳಿಗ್ಗೆ ಸೇತುವೆಯ ಬಳಿ ಅವಳು ತನ್ನ ತುದಿಯನ್ನು ಬಿಚ್ಚಿ ನನ್ನ ಕೈಗಿಟ್ಟಳು. "ಮುಂದೆ ಏನಾದ್ರೂ ಇದೆಯಾ?" ಎಂದು ಕೇಳಿದಳು. ನಾನು ನೋಡಿದೆ. ಅವಳ ಎತ್ತರದಲ್ಲಿ ನೋಡಿದೆ, ನನ್ನ ಎತ್ತರದಲ್ಲಿ ನೋಡಿದೆ. ಹೇಳಿದೆ: "ಮುಂದೆ ಏನೂ ಇಲ್ಲ ಅಕ್ಕ. ಓಡು."

ಮಾನ್ಯರೇ, ಅವಳು ಓಡಿದ್ದನ್ನು ನೀವು ನೋಡಬೇಕಿತ್ತು. ಗದ್ದ ಮೇಲೆತ್ತಿ, ಎರಡೂ ಕೈಗಳನ್ನು ಪಕ್ಕಕ್ಕೆ ಸಡಿಲವಾಗಿ ಬೀಸುತ್ತ, ಮುಂದೆ ಚಾಚದೆ. ಕುರುಡರ ಕೈ ಸದಾ ಮುಂದೆ ಇರುತ್ತದೆ, ಗಮನಿಸಿದ್ದೀರಾ? ಮನೆಯೊಳಗೆ, ಕಾರ್ಖಾನೆಯೊಳಗೆ, ಬಸ್ಸಿನಲ್ಲಿ ಅವಳ ಕೈಯೂ ಹಾಗೇ ಇರುತ್ತಿತ್ತು. ಆ ದಾರಿಯಲ್ಲಿ ಮಾತ್ರ ಅವಳ ಕೈಗಳು ಅವಳ ಪಕ್ಕದಲ್ಲಿರುತ್ತಿದ್ದವು. ನಾನು ಹಿಂದಿನಿಂದ ಓಡುತ್ತಿದ್ದೆ. ಹಿಡಿಯಲು ಆಗುತ್ತಲೇ ಇರಲಿಲ್ಲ. ತೂಬಿನ ಬಾಗಿಲು ಏರಿಸಿ ಇಳಿಸುವ ಕೆಲಸದವರೊಬ್ಬರು ಇದ್ದಾರೆ, ನಿಮ್ಮದೇ ನೌಕರರು. ನಾವು ತೂಬಿನ ಮಾವ ಎನ್ನುತ್ತೇವೆ. ಅವರು ದೂರದಿಂದಲೇ ಕೂಗುತ್ತಿದ್ದರು: "ಬಂತಪ್ಪಾ ಎಕ್ಸ್‌ಪ್ರೆಸ್ಸು! ಹಿಂದೆ ಗೂಡ್ಸ್ ಗಾಡೀನೂ ಬರ್ತಾ ಇದೆ!" ಗೂಡ್ಸ್ ಗಾಡಿ ನಾನು. ಅಕ್ಕ ನೀರಿನ ಸದ್ದು ಕೇಳಿ ನಿಧಾನಿಸಿ, ತೂಬಿನ ಕಟ್ಟೆಗೆ ಕೈಯಿಟ್ಟು ನಿಂತು, ನಾನು ಬರುವವರೆಗೆ ನಗುತ್ತಿರುತ್ತಿದ್ದಳು. ಭೂಮಿಯ ಮೇಲೆ ಅವಳು ಯಾರ ಕೈಯನ್ನೂ ಹಿಡಿಯದೆ ಓಡಬಹುದಾಗಿದ್ದ ದಾರಿ ಅದೊಂದೇ.

ಇನ್ನು ನಿಮ್ಮ ವಿಭಾಗ ಈ ಕಥೆಗೆ ಬಂದ ಬಗೆ. ಆ ದಾರಿಯಲ್ಲಿ ಆಗಾಗ ಬೈಕುಗಳು ಬರುತ್ತಿದ್ದವು. ದೂರದಿಂದಲೇ ಸದ್ದು ಕೇಳುತ್ತಿದ್ದುದರಿಂದ ಅಕ್ಕ ಮರದ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು, ತೊಂದರೆಯಿರಲಿಲ್ಲ. ಆಮೇಲೆ ಬ್ಯಾಟರಿ ಸ್ಕೂಟರುಗಳು ಬಂದವು, ಸದ್ದೇ ಇಲ್ಲದವು. ಒಂದು ದಿನ ಹಿಂದಿನಿಂದ ಬಂದದ್ದು ಅವಳ ಮೊಣಕೈ ಸವರಿಕೊಂಡು ಹೋಯಿತು. ಮನೆಗೆ ಬಂದು ಅಕ್ಕ ಅರ್ಜಿ ಹೇಳಿ ಬರೆಸಿದಳು. ಹೌದು, ಅರ್ಜಿ ನಮ್ಮದೇ. ದಾರಿಗೆ ವಾಹನಗಳು ಬಾರದಂತೆ ತಡೆ ಹಾಕಬೇಕು. ತಡೆಯನ್ನು ಸೇತುವೆಯ ಪಕ್ಕ, ದಾರಿಯ ಬಾಯಲ್ಲಿ, ನಾವು ಹೇಗೂ ನಿಲ್ಲುವ ಜಾಗದಲ್ಲೇ ಹಾಕಬೇಕು. ನಮ್ಮಲ್ಲಿ ಒಬ್ಬಳಿಗೆ ಕಣ್ಣು ಕಾಣುವುದಿಲ್ಲವಾದ್ದರಿಂದ ಹಾಕುವ ಮೊದಲು ದಯವಿಟ್ಟು ಫೋನ್ ಮಾಡಿ ತಿಳಿಸಬೇಕು. ಪ್ರತಿ ವಾಕ್ಯವನ್ನೂ ಅಕ್ಕ ಹೇಳಿದ್ದು, ನಾನು ವ್ಯಾಕರಣ ತಿದ್ದಿದ್ದು. ಕೊಟ್ಟು ಬಂದೆವು. ಋತುಗಳು ಕಳೆದವು. ಸರ್ಕಾರದ ಕೆಲಸ ಅಂದರೆ ಹಾಗೇ ಎಂದು ನಾವು ಮರೆತೇಬಿಟ್ಟೆವು.

ನಿಮ್ಮ ವಿಭಾಗ ಮರೆತಿರಲಿಲ್ಲ. ಆ ಕಾರ್ಯದಕ್ಷತೆಗೆ ನಾನು ತಲೆಬಾಗುತ್ತೇನೆ. ಒಂದು ಸಂಜೆ ನಿಮ್ಮ ಜೀಪು ಬಂತು. ಗಾಲಿಜಾಡುಗಳಲ್ಲಿ ಒಂದೊಂದು, ನಡುವಿನ ಹುಲ್ಲಿನ ಮೇಲೆ ಒಂದು, ಹೀಗೆ ಆಳೆತ್ತರದ ಕಬ್ಬಿಣದ ಕಂಬಗಳನ್ನು ನೆಟ್ಟು, ಹಳದಿ ಬಣ್ಣ ಬಳಿದು ಹೊರಟುಹೋಯಿತು. ಸೇತುವೆಯ ಬಳಿಯಲ್ಲ. ದಾರಿಯ ಸುಮಾರು ನಡುಮಧ್ಯದಲ್ಲಿ, ಅಕ್ಕ ಅತಿ ವೇಗವಾಗಿ ಓಡುವಲ್ಲಿ.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ನಿಂತು ಅವಳು ಎಂದಿನಂತೆ ಕೇಳಿದಳು. ನಾನು ಎಂದಿನಂತೆ ನೋಡಿದೆ. ದಾರಿಯ ಮೇಲೆಲ್ಲ ಬಿಸಿಲಿನ ಪಟ್ಟೆಗಳು, ಉದುರಿದ ಹಳದಿ ಎಲೆಗಳು. ಆ ದೂರದಿಂದ ಹಳದಿ ಕಂಬವೂ ಒಂದು ಬಿಸಿಲಿನ ಪಟ್ಟೆ. "ಮುಂದೆ ಏನೂ ಇಲ್ಲ ಅಕ್ಕ. ಓಡು" ಎಂದೆ. ಅವಳು ಓಡಿದಳು. ಕಂಬ ನನಗೆ ಕಂಡಾಗ ಅವಳು ಅದರ ಹತ್ತಿರ ಹೋಗಿಯಾಗಿತ್ತು. ಕೂಗಿದೆ. ಆ ದಾರಿ ನನಗೆ ಕೊಟ್ಟಿದ್ದ ಅಷ್ಟೂ ಧ್ವನಿಯಿಂದ ಕೂಗಿದೆ. ಅವಳಿಗೆ ಕೇಳಿಸಿತು. ಏನೋ ಎಂದು ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು. ಕಾಲು ನಿಲ್ಲುವ ಮೊದಲು ಬಡಿದಳು. ಕಬ್ಬಿಣ ಒಂದು ಸಲ ಗಂಟೆಯಂತೆ ಮೊಳಗಿತು.

ತೂಬಿನ ಮಾವ ಅಲ್ಲಿಂದ ಓಡಿ ಬಂದರು. ಅವರಿಗೆ ಓಡುವ ವಯಸ್ಸಲ್ಲ. ತಮ್ಮ ಟವೆಲನ್ನು ಅಕ್ಕನ ಬಾಯಿಗೆ ಒತ್ತಿ ಹಿಡಿದು, ನನ್ನ ಮುಖ ನೋಡುತ್ತ ಹೇಳಿದರು: "ನಿನ್ನೆ ಸಂಜೆ ನೆಟ್ಟು ಹೋದ್ರಮ್ಮಾ. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ. ನೀವೇ ಕೇಳಿದ್ದಲ್ವಾ?"

ನೀವೇ ಕೇಳಿದ್ದಲ್ವಾ. ಈ ಮಾತನ್ನು ನಾನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಮಾವ ಅದನ್ನು ಹೇಳುವಾಗಲೂ ಟವೆಲನ್ನು ಒತ್ತಿ ಹಿಡಿದೇ ಇದ್ದರು. ಅವರ ಮೇಲೆ ನನಗೆ ಕೋಪವಿಲ್ಲ, ನೀವೂ ಮಾಡಿಕೊಳ್ಳಬೇಡಿ. ನಿಮ್ಮ ಗುಮಾಸ್ತರು ಅದನ್ನೇ ಫ್ಯಾನಿನ ಕೆಳಗೆ ಹೇಳಿದರು. ನಮ್ಮ ಸಂಭಾಷಣೆಯನ್ನು ಇಲ್ಲಿ ಕೊಡುತ್ತೇನೆ, ಕಡತದಲ್ಲಿ ಸೇರಿಸಿಕೊಳ್ಳಿ.

"ಸೇತುವೆ ಹತ್ತಿರ ಹಾಕಿ ಅಂತ ಬರೆದಿದ್ವಲ್ಲ ಸರ್."

"ಅಲ್ಲಿ ಕಾಂಕ್ರೀಟ್ ಮೇಡಂ. ಯಾರು ಒಡೀತಾರೆ? ಮುಂದೆ ಹೋದ್ರೆ ಮಣ್ಣು ಮೆತ್ತಗಿತ್ತು. ಜೀಪ್ ತಿರುಗಿಸೋಕೂ ಜಾಗ ಬೇಕಲ್ಲ."

"ಫೋನ್ ಮಾಡಿ ಅಂತಾನೂ ಬರೆದಿದ್ವಿ."

"ಬೋರ್ಡ್ ಹಾಕಿದ್ವಲ್ಲ! ಕಂಬದ ಮೇಲೇ ಹಾಕಿದೀವಿ, ದೊಡ್ಡದಾಗಿ. ಮುಂದೆ ಕಂಬ ಇದೆ, ಎಚ್ಚರಿಕೆ ಅಂತ. ಹಳದಿ ಬಣ್ಣ ಬೇರೆ. ಕಾಣಿಸ್ಲಿಲ್ವಾ ಅವರಿಗೆ?"

ಆ ಪ್ರಶ್ನೆಗೆ ಉತ್ತರ ನಮ್ಮ ಅರ್ಜಿಯಲ್ಲೇ ಇತ್ತು. ಅವರೇ ಒಂದು ಕ್ಷಣ ಬಿಟ್ಟು, "ಓ" ಎಂದರು. ನಿಮ್ಮ ವಿಭಾಗದಿಂದ ನಮಗೆ ದೊರೆತ ಅತ್ಯಂತ ಪ್ರಾಮಾಣಿಕ ಉತ್ತರ ಅದೇ. ಆಮೇಲೆ ತಮ್ಮ ಸಹಿಯೊಂದಿಗೆ ಬಂದ ಉತ್ತರದಲ್ಲಿ, ತಡೆಗಂಬಗಳನ್ನು ಅರ್ಜಿದಾರರ ಕೋರಿಕೆಯ ಮೇರೆಗೆ, ಪಾದಚಾರಿಗಳ ಹಾಗೂ ಓಟಗಾರರ ಸುರಕ್ಷತೆಯ ದೃಷ್ಟಿಯಿಂದ ಅಳವಡಿಸಲಾಗಿದೆ ಎಂದಿತ್ತು. ತೆಗೆಯಬೇಕಾದರೆ ಹೊಸದಾಗಿ ಅರ್ಜಿ ಸಲ್ಲಿಸಬೇಕಂತೆ. ಕಂಬ ಇದೆ ಎಂಬುದನ್ನು ಕಂಬದ ಮೇಲೇ ಬರೆಯುವುದು, ಸುರಕ್ಷತೆ ಕೇಳಿದವಳ ಹಲ್ಲನ್ನು ಸುರಕ್ಷತೆಯಿಂದಲೇ ಉದುರಿಸುವುದು, ಇದನ್ನು ಕಥೆಯಾಗಿ ಬರೆದಿದ್ದರೆ ನನ್ನ ಅಧ್ಯಾಪಕರು ಅತಿಯಾಯಿತು ಎಂದು ಗೆರೆ ಎಳೆಯುತ್ತಿದ್ದರು.

ಇನ್ನೊಂದನ್ನೂ ತಿಳಿಸಿಬಿಡುತ್ತೇನೆ. ಸ್ಕೂಟರುಗಳು ಇವತ್ತಿಗೂ ಆ ದಾರಿಯಲ್ಲಿ ಬರುತ್ತವೆ. ಎರಡು ಕಂಬಗಳ ನಡುವೆ ಸಲೀಸಾಗಿ ನುಸುಳಿ ಹೋಗುತ್ತವೆ. ನಿಮ್ಮ ಕಂಬಗಳು ಈವರೆಗೆ ತಡೆದಿರುವುದು ಒಬ್ಬಳನ್ನೇ.

ಅಕ್ಕ ಆಸ್ಪತ್ರೆಯಲ್ಲಿ, ಬಾಯಿ ಊದಿಕೊಂಡಿದ್ದರೂ, ಮೊದಲು ಹೇಳಿದ್ದು ತಮಾಷೆಯನ್ನೇ. "ಅರ್ಜಿ ತುಂಬಾ ಚೆನ್ನಾಗಿ ಬರೆದುಬಿಟ್ಟೆ ಕಣೆ. ನಿನ್ನ ಓದು ಸಾರ್ಥಕ ಆಯ್ತು." ಅವಳ ಮೈಮೇಲಿದ್ದ ಹೊದಿಕೆ ಅವಳ ಕಾರ್ಖಾನೆಯಲ್ಲೇ ಒಗೆದದ್ದು. ಅಂಚು ತಡವಿ, "ಇದನ್ನ ಮಡಚಿದ್ದು ನಾನಲ್ಲ, ಮೂಲೆ ಕೂಡಿಲ್ಲ" ಎಂದಳು. ಅಮ್ಮನಿಗೆ ನಗು ಬರಲಿಲ್ಲ. "ಮನೇಲಿ ಕೂತಿದ್ರೆ ಹಲ್ಲಾದ್ರೂ ಉಳೀತಿತ್ತು" ಎಂದರು. ಜೀವಮಾನದಲ್ಲಿ ಮೊದಲ ಬಾರಿ ಅಮ್ಮನ ಮಾತಿಗೆ ಅವಳಲ್ಲಿ ಮರುಮಾತಿರಲಿಲ್ಲ. ನನಗೆ ಭಯವಾದದ್ದು ಆಗ.

ಈಗ ಅವಳು ಮನೆಯೊಳಗೇ ಕೈ ಚಾಚಿಕೊಂಡು ನಡೆಯುತ್ತಾಳೆ. ಹುಟ್ಟಿ ಬೆಳೆದ ಮನೆ. ಕುರ್ಚಿಯೊಂದು ಗೇಣು ಸರಿದಿದ್ದರೂ ಅವಳಿಗೆ ತಿಳಿಯುತ್ತಿತ್ತು. ಈಗ ಬಚ್ಚಲಿಗೆ ಹೋಗುವಾಗಲೂ ಹೊಸ್ತಿಲಲ್ಲಿ ನಿಲ್ಲುತ್ತಾಳೆ. "ಮುಂದೆ ಏನಾದ್ರೂ ಇದೆಯಾ?" ನಾನು ಹೇಳುತ್ತೇನೆ, "ಏನೂ ಇಲ್ಲ ಅಕ್ಕ." ಅವಳು ಹೂಂ ಎನ್ನುತ್ತಾಳೆ. ಕೈ ಮಾತ್ರ ಇಳಿಯುವುದಿಲ್ಲ. ಅವಳು ನನ್ನನ್ನು ಒಂದು ಮಾತೂ ಅಂದಿಲ್ಲ, ನೋಡಿ. ನಾನು ಬೇಕೆಂದು ಹಾಗೆ ಹೇಳಲಿಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳ ಮನಸ್ಸು ನನ್ನನ್ನು ನಂಬುತ್ತದೆ. ಅವಳ ಕೈಗಳು ನಂಬುವುದಿಲ್ಲ. ಕಾರ್ಖಾನೆಯಲ್ಲಿ ಅವಳನ್ನು ಉರುಳೆಗಳ ಬಳಿಯಿಂದ ತೆಗೆದು ಕೂತು ಮಾಡುವ ಕೆಲಸಕ್ಕೆ ಹಾಕಿದ್ದಾರೆ, ತಲೆದಿಂಬಿನ ಚೀಲಗಳನ್ನು ಜೋಡಿಸುವುದು. ಅವಳೇ ಕೇಳಿಕೊಂಡಳಂತೆ. ಅದು ನನಗೆ ಹೊರಗಿನವರಿಂದ ತಿಳಿಯಿತು.

ಹೋದ ವಾರ ಅವಳನ್ನು ಒಪ್ಪಿಸಿ ಸೇತುವೆಗೆ ಕರೆದುಕೊಂಡು ಹೋದೆ. ಹಗ್ಗ ಒಯ್ದಿದ್ದೆ. "ನಡೆಯೋಣ ಸಾಕು" ಎಂದಳು. ನಡೆದೆವು. ಅವಳ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಗಾಳಿಯಲ್ಲಿ. ಬೆಚ್ಚಗೆ, ತಣ್ಣಗೆ ಎಂದು ನಾನು ನೆನಪಿಸಿದೆ. "ಹೌದು" ಎಂದಳು. ಕಂಬದ ಹತ್ತಿರ ಬಂದಾಗ ಹೇಳಿದೆ, ಇಲ್ಲೇ ಇದೆ ಎಂದು. ಅವಳು ತೋರಿಸು ಎಂದಳು. ಅವಳ ಕೈಯನ್ನು ಹಿಡಿದು ಕಬ್ಬಿಣದ ಮೇಲಿಟ್ಟೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಿಧಾನವಾಗಿ ಸವರಿದಳು. ನಿಮ್ಮ ಬೋರ್ಡಿನ ಮೇಲೂ ಬೆರಳಾಡಿಸಿದಳು, ಅದು ನುಣ್ಣಗಿತ್ತು. ಕೊನೆಗೆ ಕಂಬದ ಸುತ್ತ ಬೆರಳುಗಳನ್ನು ತಂದಳು. ಅವಳ ಹೆಬ್ಬೆರಳು ಬೇರೆ ಬೆರಳುಗಳಿಗೆ ಹೆಚ್ಚುಕಡಿಮೆ ತಾಗಿತು.

"ಇಷ್ಟು ಸಣ್ಣದಾ?" ಎಂದಳು.

ಮತ್ತೊಮ್ಮೆ ಬೆರಳು ಸುತ್ತಿ ಅಳೆದಳು.

"ನಾನು ಗೋಡೆ ಅಂದ್ಕೊಂಡಿದ್ದೆ ಕಣೆ. ಇಷ್ಟು ದಿನಾನೂ ಅಲ್ಲೊಂದು ದೊಡ್ಡ ಗೋಡೆ ಇದೆ ಅಂತಾನೇ ಅನ್ನಿಸ್ತಿತ್ತು."

ಆಮೇಲೆ, "ನಡಿ, ಮನೆಗೆ ಹೋಗೋಣ" ಎಂದಳು. ತೂಬಿನ ಮಾವ ದೂರದಲ್ಲಿ ಎದ್ದು ನಿಂತಿದ್ದರು. ಎಕ್ಸ್‌ಪ್ರೆಸ್ಸು ಎಂದು ಕೂಗಲಿಲ್ಲ. ನಾವು ತಿರುಗಿದ ಮೇಲೂ ಅವರು ನಿಂತೇ ಇದ್ದರು.

ಮಾನ್ಯರೇ, ನಾನು ಪರಿಹಾರ ಕೇಳುತ್ತಿಲ್ಲ. ವಿಚಾರಣೆಯೂ ಬೇಡ, ವಿಚಾರಣೆ ನಡೆದರೆ ಆ ಗುಮಾಸ್ತರಿಗೋ ತೂಬಿನ ಮಾವನಿಗೋ ತೊಂದರೆಯಾಗುತ್ತದೆ, ನಿಮಗಾಗುವುದಿಲ್ಲ. ಹೊಸ ಅರ್ಜಿಯನ್ನು ಬರೆಯುವುದಿಲ್ಲ. ಅರ್ಜಿ ಬರೆದು ನಮಗೇನು ಸಿಕ್ಕಿತು ಎಂಬುದನ್ನು ತಾವು ಓದಿದ್ದೀರಿ. ನಾನು ಕೇಳುವುದು ಇಷ್ಟು. ಆ ಕಂಬಗಳನ್ನು ಬುಡಸಮೇತ ಕಿತ್ತುಹಾಕಿಸಿ. ಗುಂಡಿಗಳನ್ನು ಮುಚ್ಚಿಸಿ, ಮಣ್ಣನ್ನು ತುಳಿಸಿ, ಕಾಲಿಗೆ ಅಲ್ಲೇನಿತ್ತೆಂದು ತಿಳಿಯದಷ್ಟು ಸಮ ಮಾಡಿಸಿ. ವಾಹನಗಳನ್ನು ತಡೆಯಬೇಕಿದ್ದರೆ ಸೇತುವೆಯ ಬಳಿಯ ಕಾಂಕ್ರೀಟನ್ನು ಒಡೆಯಿರಿ. ಗಟ್ಟಿಯಾದದ್ದನ್ನು ಒಡೆಯುವುದಕ್ಕಾಗಿಯೇ ಅಲ್ಲವೇ ಒಂದು ವಿಭಾಗ ಇರುವುದು?

ಅದೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ತಾವೇ ಬನ್ನಿ. ಗುಮಾಸ್ತರನ್ನು ಕಳಿಸಬೇಡಿ, ಕಾಗದವನ್ನೂ ಕಳಿಸಬೇಡಿ. ಸೇತುವೆಯಿಂದ ತೂಬಿನವರೆಗೆ ನಿಮ್ಮ ಕಾಲಲ್ಲೇ ನಡೆದು ನೋಡಿ ಹಿಂದಿರುಗಿ. ನನ್ನ ಅಕ್ಕ ಸೇತುವೆಯ ಬಳಿ ನಿಂತಿರುತ್ತಾಳೆ. ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ. ಉತ್ತರ ನಿಮಗೆ ಗೊತ್ತಿದೆ, ಅಷ್ಟನ್ನು ಹೇಳಿ, ಸ್ವಲ್ಪ ಜೋರಾಗಿ. ನನ್ನ ಬಾಯಿಂದ ಬಂದರೆ ಆ ಮಾತಿಗೆ ಈಗ ಬೆಲೆಯಿಲ್ಲ. ಸುಳ್ಳಾಗಿಸಿದವರೇ ಅದನ್ನು ಮತ್ತೆ ನಿಜ ಮಾಡಬೇಕು.

ಅವಳು ಓಡುತ್ತಾಳೆ ಎಂದು ನಾನು ಭರವಸೆ ಕೊಡಲಾರೆ. ಒಂದು ವೇಳೆ ಓಡಿದರೆ, ಅವಳ ಕೈಗಳನ್ನು ನೋಡಿ.

ಇಂತಿ,
ಮಾತು ಕಳೆದುಕೊಂಡು ಸೇತುವೆಯ ಬಳಿ ಕಾಯುತ್ತಿರುವ,
ಹಗ್ಗದ ಇನ್ನೊಂದು ತುದಿ